ರಾಶಿಯ ಮೂಲೆಯಿಂದ ತೆಗೆದ ಕಲ್ಲು

ಟೈಲ್ಸ್ ಕಾರ್ಖಾನೆಯ ಲ್ಯಾಬಿನ ಮುಖ್ಯಸ್ಥೆಯನ್ನು ಮನೆಯವರು ತಕ್ಕಡಿ ಎಂದು ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಮನೆಗೆ ತಿನ್ನಲು ಏನೇ ಬಂದರೂ ಪಾಲು ಮಾಡುವ ಕೆಲಸ ಅವಳದು. ಅಣ್ಣನ ಪಾಲಿಗೂ ತನ್ನ ಪಾಲಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಅವಳಿಗೆ ಸಮಾಧಾನವಿಲ್ಲ. ಉಳಿದ ಚೂರನ್ನು ಇರುವೆಗೆ ಹಾಕಿಯಾದರೂ ಸಮ ಮಾಡುತ್ತಿದ್ದಳು. ಇರುವೆಗಳು ನಮ್ಮ ಮನೆಯಲ್ಲಿ ಕೊಬ್ಬಿದ್ದೇ ಇವಳಿಂದ ಎಂದು ಅಣ್ಣ ಎಲ್ಲರೆದುರು ಹೇಳಿ ನಗುತ್ತಿದ್ದ.

ಅಣ್ಣನದು ಕಲ್ಲಿನ ಗಣಿ. ಊರಾಚೆಯ ಗುಡ್ಡದ ಪಕ್ಕೆಯಲ್ಲಿ ಅಪ್ಪ ಶುರುಮಾಡಿದ್ದು. ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟು ಇವನು ನೋಡಿಕೊಂಡ. ಅಲ್ಲಿ ಸಿಗುವುದು ಫೆಲ್ಡ್‌ಸ್ಪಾರ್, ಕೆಲಸದವರ ಬಾಯಲ್ಲಿ ಬರೀ ಬಿಳಿಕಲ್ಲು. ಟೈಲ್ಸ್ ಎಂದರೆ ಸುಟ್ಟ ಮಣ್ಣು ಎಂದು ಜನ ತಿಳಿಯುತ್ತಾರೆ. ಆದರೆ ಬರೀ ಮಣ್ಣು ಸುಟ್ಟರೆ ಕೈಗೆ ಬರುವುದು ನೀರು ಕುಡಿಯುವ ಹೆಂಚು. ಈ ಕಲ್ಲನ್ನು ಹಿಟ್ಟಿನಂತೆ ಅರೆದು ಮಣ್ಣಿಗೆ ಬೆರೆಸಿದರೆ, ಗೂಡಿನ ಬೆಂಕಿಯಲ್ಲಿ ಅದು ಮೊದಲು ಕರಗಿ, ಮಣ್ಣಿನ ಕಣಗಳ ನಡುವೆ ಹರಿದು, ಆರಿದಾಗ ಎಲ್ಲವನ್ನೂ ಗಾಜಿನಂತೆ ಬಿಗಿಹಿಡಿಯುತ್ತದೆ. ಕಲ್ಲಿನಲ್ಲಿ ಕಬ್ಬಿಣದ ಅಂಶ ಮಾತ್ರ ಇರಬಾರದು. ಇದ್ದರೆ ಟೈಲಿನ ಮೈ ಕಂದಿ, ಮೇಲೆ ನೊಣ ಕೂತಂತೆ ಕಪ್ಪು ಚುಕ್ಕೆಗಳು ಏಳುತ್ತವೆ.

ತಂಗಿಯನ್ನು ಓದಿಸಿದ್ದು ಇದೇ ಕಲ್ಲು. ಕಾಲೇಜಿಗೆ ಅವಳು ಅಣ್ಣನ ಲಾರಿಯಲ್ಲೇ ಹೋಗುತ್ತಿದ್ದಳು. ಎಷ್ಟು ಗೋಣಿಚೀಲ ಹಾಸಿ ಕೂರಿಸಿದರೂ ಇಳಿಯುವಾಗ ಬೆನ್ನಿಗೆ ಸುಣ್ಣ ಬಳಿದಂತೆ ಬಿಳಿ ಧೂಳು. ಹುಡುಗಿಯರು ನಗುತ್ತಾರೆಂದು ಕಾಲೇಜಿನ ಹಿಂದಿನ ಬೀದಿಯಲ್ಲೇ ಇಳಿಸು ಎಂದು ಒಂದು ದಿನ ಕೇಳಿದಳು. ಅಣ್ಣ ಏನೂ ಕೇಳದೆ ಅಂದಿನಿಂದ ಹಿಂದಿನ ಬೀದಿಯಲ್ಲೇ ನಿಲ್ಲಿಸಿದ. ರಸಾಯನಶಾಸ್ತ್ರ ಓದಿ ಮುಗಿಸಿ ಅವಳು ಕಾರ್ಖಾನೆಯ ಲ್ಯಾಬಿಗೆ ಸೇರಿದಳು. ಅಣ್ಣನ ಕಲ್ಲು ಅದಕ್ಕೂ ಮೊದಲಿನಿಂದಲೇ ಆ ಕಾರ್ಖಾನೆಗೆ ಹೋಗುತ್ತಿತ್ತು. ವರ್ಷಗಳು ಕಳೆದು ಅವಳು ಮುಖ್ಯಸ್ಥೆಯಾದಾಗ, ಅಣ್ಣನ ಕಲ್ಲು ಸರಿಯಿದೆಯೇ ಇಲ್ಲವೇ ಎಂದು ಹೇಳುವ ಕುರ್ಚಿಯಲ್ಲಿ ತಂಗಿಯೇ ಕುಳಿತಂತಾಯಿತು.

ಅವಳು ಆ ಕುರ್ಚಿಯಲ್ಲಿ ನ್ಯಾಯವಾಗಿಯೇ ನಡೆದುಕೊಂಡಿದ್ದಳು. ಕೆಟ್ಟ ಲೋಡು ಬಂದಾಗ ಅಣ್ಣನದೆಂದು ನೋಡದೆ ವಾಪಸ್ ಕಳಿಸಿದ್ದಳು. ಹಾಗೆ ಮಾಡಿದ ದಿನವೂ ಅಣ್ಣ ಲ್ಯಾಬಿನ ಬಾಗಿಲಲ್ಲಿ ತಲೆಹಾಕಿ, ಇನ್ನು ಮುಂದೆ ಕಲ್ಲನ್ನು ತೊಳೆದು, ಬಾಚಿ, ಪೌಡರ್ ಹಚ್ಚಿ ಕಳಿಸುತ್ತೇನೆ ಎಂದು ತಮಾಷೆ ಮಾಡಿ ಹೋಗಿದ್ದ. ಆದರೂ ಊರ ಬಾಯಿಗೆ ಮುಚ್ಚಳವಿಲ್ಲವಲ್ಲ. ಒಮ್ಮೆ ಒಂದು ಇಡೀ ಪಾಳಿಯ ಟೈಲ್ಸ್ ಮೇಲೆ ಚುಕ್ಕೆ ಬಂದಾಗ ಕ್ಯಾಂಟೀನಿನಲ್ಲಿ ಯಾರೋ, "ಅಣ್ಣನ ಕಲ್ಲಿಗೆ ತಂಗಿ ಕುರುಡು ಕಣ್ಣು" ಎಂದರು. ಚುಕ್ಕೆ ಬಂದದ್ದು ಅರೆಯುವ ಯಂತ್ರದ ಸವೆದ ತಗಡಿನಿಂದ ಎಂದು ಆಮೇಲೆ ಗೊತ್ತಾಯಿತು. ಆದರೆ ಮಾತಿಗೆ ಪ್ರಾಸವಿತ್ತು, ಹಾಗಾಗಿ ಅದು ಉಳಿದುಬಿಟ್ಟಿತು. ಅವಳು ಕ್ಯಾಂಟೀನಿಗೆ ಹೋಗುವುದನ್ನು ಬಿಟ್ಟು ಲ್ಯಾಬಿನಲ್ಲೇ ಡಬ್ಬಿ ಬಿಚ್ಚತೊಡಗಿದಳು.

ಆ ವರ್ಷ ಹೊಸ ಮ್ಯಾನೇಜರ್ ಬಂದರು. ಮೃದು ಮಾತಿನ ಮನುಷ್ಯ. ಕಾವಲುಗಾರನಿಗೂ ತಾವೇ ಮೊದಲು ನಮಸ್ಕಾರ ಹೇಳುವವರು. ದೊಡ್ಡ ಅಳತೆಯ ಬಿಳಿ ಟೈಲ್ಸ್ ಮಾಡಬೇಕು, ಅದಕ್ಕೆ ಹೊರದೇಶದ ಫೆಲ್ಡ್‌ಸ್ಪಾರ್ ಹಡಗಿನಲ್ಲಿ ತರಿಸಬೇಕು ಎಂಬುದು ಅವರ ಯೋಚನೆ. ಆ ಕಲ್ಲು ಒಂದು ಹಡಗಿಗೆ ಒಂದೇ ಥರ ಬರುತ್ತದೆ, ಇವತ್ತು ಬಿಳಿ ನಾಳೆ ಕಂದು ಎಂಬ ತಲೆನೋವಿಲ್ಲ ಎಂದು ಅವರು ಸಭೆಯಲ್ಲಿ ವಿವರಿಸಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಾದರಿಯ ಮೂಟೆ ಬಂದಿಳಿದ ದಿನ ಅವಳನ್ನು ಕರೆಸಿ, ಅದನ್ನೂ ಅಣ್ಣನ ಕಲ್ಲನ್ನೂ ಒಂದೇ ಗೂಡಿನಲ್ಲಿ ಅಕ್ಕಪಕ್ಕ ಇಟ್ಟು ಸುಟ್ಟು ತೋರಿಸಲು ಹೇಳಿದರು. ಅವಳು ಬಾಗಿಲವರೆಗೆ ಹೋದಾಗ ಮತ್ತೆ ಕರೆದರು.

"ನೋಡಿ ಮೇಡಂ, ನಿಮಗೆ ಮುಜುಗರ ಆಗೋದಾದ್ರೆ ಬೇರೆಯವರ ಕೈಲಿ ಮಾಡಿಸೋಣ."

"ಮುಜುಗರ ಯಾಕೆ ಸಾರ್? ನನ್ನ ಕೆಲಸ ಅದು" ಎಂದಳು ಅವಳು.

ಬೇರೆಯವರ ಕೈಯಲ್ಲಿ ಮಾಡಿಸಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಕ್ಯಾಂಟೀನಿನ ಮಾತಿಗೆ ತಾನೇ ಮುದ್ರೆ ಒತ್ತಿದಂತಾಗುತ್ತದೆ ಎಂದು ಅವಳಿಗೆ ಅನ್ನಿಸಿತು.

ಅಣ್ಣನ ಕಲ್ಲಿನ ರಾಶಿ ಅಂಗಳದ ಕೊನೆಯಲ್ಲಿ, ಹಳೆಯ ತಗಡಿನ ಶೆಡ್ಡಿನ ಪಕ್ಕ ಬಿದ್ದಿತ್ತು. ರಾಶಿಯಿಂದ ಮಾದರಿ ತೆಗೆಯುವುದು ಹೇಗೆಂದು ಹೊಸಬರಿಗೆ ಕಲಿಸುತ್ತಿದ್ದವಳು ಅವಳೇ. ರಾಶಿಯ ಸುತ್ತ ನಡೆಯಬೇಕು. ಮೇಲಿನಿಂದ, ನಡುವಿನಿಂದ, ಬುಡದಿಂದ ಒಂದೊಂದು ಸಲಿಕೆ ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ಭಾಗ ಮಾಡಿ, ಮತ್ತೆ ಬೆರೆಸಿ, ಕೊನೆಗೆ ಉಳಿದ ಹಿಡಿಯಷ್ಟು ಇಡೀ ರಾಶಿಯ ಪರವಾಗಿ ಮಾತಾಡಬೇಕು. ಆ ಮಧ್ಯಾಹ್ನ ಅವಳು ಚೀಲ ಹಿಡಿದು ರಾಶಿಯ ಮುಂದೆ ನಿಂತಾಗ ಸಲಿಕೆ ಮೊದಲು ಹೋದದ್ದು ರಾಶಿಯ ನೆತ್ತಿಗೆ. ಕಲ್ಲು ಅಲ್ಲಿ ಮೊಸರಿನಂತೆ ಬೆಳ್ಳಗಿತ್ತು. ಇದು ಚೆನ್ನಾಗಿ ಬಂದರೆ ಜನ ಏನೆನ್ನುತ್ತಾರೆ ಎಂಬುದು ತಲೆಗೆ ಬಂತು. ತಂಗಿ ಆರಿಸಿ ಆರಿಸಿ ತೆಗೆದಳು ಎನ್ನುತ್ತಾರೆ. ಅವಳು ಸಲಿಕೆಯನ್ನು ಹಿಂದಕ್ಕೆ ಎಳೆದುಕೊಂಡಳು. ಶೆಡ್ಡಿನ ತುಕ್ಕು ಹಿಡಿದ ತಗಡಿನಿಂದ ಮಳೆನೀರು ಸುರಿದು ಸುರಿದು ರಾಶಿಯ ಒಂದು ಮೂಲೆ ಕೆಂಪಗಾಗಿತ್ತು. ಬುಡದಲ್ಲಿ ನೆಲದ ಮಣ್ಣೂ ಕಲೆತಿತ್ತು. ಅವಳು ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ಚೀಲವನ್ನು ಅದೇ ಮೂಲೆಯಿಂದ ತುಂಬಿದಳು. ಒಂದೇ ಕಡೆಯಿಂದ, ಬಾಯಿಯವರೆಗೆ. ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದರೆ ಯಾರೂ ಬೆರಳು ತೋರಿಸುವ ಹಾಗಿರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಡಗಿನ ಕಲ್ಲಿನ ಮೂಟೆಯನ್ನು ಮಾತ್ರ ನೆಲದ ಮೇಲೆ ಸುರಿದು, ಬೆರೆಸಿ, ಭಾಗ ಮಾಡಿ, ಶಾಸ್ತ್ರೋಕ್ತವಾಗಿಯೇ ತೆಗೆದಳು.

ಎರಡನ್ನೂ ಅರೆದು, ಒತ್ತಿ, ಅಂಗೈ ಅಗಲದ ಬಿಲ್ಲೆಗಳನ್ನು ಮಾಡಿ ಗೂಡಿಗಿಟ್ಟಳು. ಸುಟ್ಟು ತೆಗೆದಾಗ ಹಡಗಿನ ಕಲ್ಲಿನ ಬಿಲ್ಲೆ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಅಣ್ಣನದು ಸುಟ್ಟ ಬ್ರೆಡ್ಡಿನ ಬಣ್ಣ. ಮೇಲೆ ಗಸಗಸೆ ಚೆಲ್ಲಿದಂತೆ ಚುಕ್ಕೆ. ಮತ್ತೆ ಮಾಡಬಹುದಿತ್ತು. ಮಾಡಲಿಲ್ಲ. ಎರಡೂ ಬಿಲ್ಲೆಗಳನ್ನು ತಟ್ಟೆಯಲ್ಲಿಟ್ಟು ಮೇಲಿನ ಮಹಡಿಗೆ ಕಳಿಸಿದಳು.

ಅಂದು ಸಂಜೆ ಮನೆಯಲ್ಲಿ ಅವಳು ಸೋಪು ಹಚ್ಚಿ ಹಚ್ಚಿ ಕೈ ತೊಳೆಯುವುದನ್ನು ನೋಡಿ, ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ಗಂಡ, "ಏನೇ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರು ಉಂಟು, ನೀನು ಕೈ ತೊಳೀತಿದ್ದೀಯಲ್ಲ?" ಎಂದು ನಕ್ಕ. ಏನೂ ಗೊತ್ತಿಲ್ಲದೆ ಆಡಿದ ಮಾತು. ಅವಳು ನಲ್ಲಿ ನಿಲ್ಲಿಸಿ ಒಳಗೆ ಹೋದಳು.

ಮ್ಯಾನೇಜರ್ ಅಣ್ಣನನ್ನು ಕರೆಸಿದರು. ಅಲ್ಲಿ ನಡೆದದ್ದನ್ನು ಅವಳಿಗೆ ಆಮೇಲೆ ಹೇಳಿದವರು ಟೀ ಕೊಡಲು ಹೋಗಿದ್ದ ಕ್ಯಾಂಟೀನಿನವರು. ಅಣ್ಣ ಎರಡೂ ಬಿಲ್ಲೆಗಳನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದನಂತೆ. ಇದನ್ನು ಪರೀಕ್ಷೆ ಮಾಡಿದ್ದು ನನ್ನ ತಂಗಿಯೇ ಅಲ್ಲವೇ ಎಂದು ಕೇಳಿದನಂತೆ. ಹೌದು ಎಂದಾಗ, ಹಾಗಿದ್ದರೆ ನಾನು ಹೇಳುವುದು ಏನೂ ಉಳಿದಿಲ್ಲ ಎಂದು ಬಿಲ್ಲೆಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು, ಟೀ ಕುಡಿದು, ಕೈಮುಗಿದು ಎದ್ದನಂತೆ. ಅವನು ಮೆಟ್ಟಿಲಿಳಿದು ಬಂದು ಲ್ಯಾಬಿನ ಬಾಗಿಲಲ್ಲಿ ಇಣುಕಿದಾಗ ಅವಳು ಒಳಗಿನ ರಾಸಾಯನಿಕಗಳ ಕೋಣೆಯಲ್ಲಿ ಬಾಟಲಿ ಜೋಡಿಸುವ ನೆಪದಲ್ಲಿ ಗೋಡೆಗೊರಗಿ ನಿಂತಿದ್ದಳು. ಅವನ ಚಪ್ಪಲಿಯ ಸದ್ದು ದೂರವಾಗುವವರೆಗೂ ಹೊರಗೆ ಬರಲಿಲ್ಲ.

ಗಣಿ ನಿಂತಿತು. ಬೇರೆ ಗಿರಾಕಿ ಅಣ್ಣನಿಗೆ ಇರಲಿಲ್ಲ. ಕೆಲಸದವರು ಸುಮ್ಮನೆ ಬಿಡಲು ಸಿದ್ಧರಿರಲಿಲ್ಲ. ಕಾರ್ಖಾನೆಯ ಗೇಟಿನ ಮುಂದೆ ಕೂರುತ್ತೇವೆ, ಇನ್ನೊಮ್ಮೆ ಪರೀಕ್ಷೆ ಮಾಡಿಸುತ್ತೇವೆ ಎಂದು ಎದ್ದು ನಿಂತರು. ಅವರನ್ನು ತಡೆದವನು ಅಣ್ಣ. ಇದನ್ನು ಅವಳಿಗೆ ತಿಳಿಸಿದ್ದು ಅತ್ತಿಗೆ, ಫೋನಿನಲ್ಲಿ. ಅತ್ತಿಗೆ ಹೆಮ್ಮೆಯಿಂದಲೇ ಹೇಳಿದಳು: ಅವನು, ನನ್ನ ತಂಗಿಯ ಕೈಯಲ್ಲಿ ಸುಳ್ಳು ಬರುವುದಿಲ್ಲ, ಅವಳು ಕೆಟ್ಟದ್ದು ಅಂದರೆ ಕಲ್ಲು ಕೆಟ್ಟದ್ದೇ, ಅದರ ಮೇಲೆ ಗಲಾಟೆ ಮಾಡಿದರೆ ನನ್ನ ಮುಖಕ್ಕೆ ಉಗಿದಂತೆ ಎಂದು ಎಲ್ಲರೆದುರು ಹೇಳಿ ಅವರ ಬಾಯಿ ಮುಚ್ಚಿಸಿದನಂತೆ. ಫೋನ್ ಇಟ್ಟ ಮೇಲೂ ಅವಳ ಕಿವಿ ಬಿಸಿಯಾಗಿಯೇ ಇತ್ತು.

ಹೇಳಿಬಿಡಬೇಕೆಂದೇ ಒಂದು ರಜೆಯ ದಿನ ಅಣ್ಣನ ಮನೆಗೆ ಹೋದಳು. ಅತ್ತಿಗೆ ಹಿತ್ತಲಲ್ಲಿ ಗೋಣಿಚೀಲ ಒಗೆದು ಹರವುತ್ತಿದ್ದಳು. ಅಣ್ಣ ಲಾರಿಯ ಬಾನೆಟ್ಟಿನೊಳಗೆ ತಲೆ ತೂರಿಸಿದ್ದವನು ಮುಖವೆಲ್ಲ ಗ್ರೀಸು ಮಾಡಿಕೊಂಡು ಬಂದು ಎದುರು ಕುಳಿತ. ಸೋತವನ ಮುಖವಾಗಿರಲಿಲ್ಲ ಅದು. ಅವಳಿಗೆ ನೋವಾಗಬಾರದೆಂದು ತಾನೇ ನಗಿಸಲು ಕುಳಿತಿದ್ದ. ಹೊರದೇಶದ ಕಲ್ಲು ಹೇಗಿದೆ, ಒಡೆದರೆ ಹೇಗೆ ಬಿರಿಯುತ್ತದೆ, ಉಪ್ಪಿನ ಹಾಗೋ ಸಕ್ಕರೆಯ ಹಾಗೋ ಎಂದೆಲ್ಲ ಕೇಳಿದ. ಅವಳು ತಲೆತಗ್ಗಿಸಿ, ಕೇಳಿದ್ದಕ್ಕಷ್ಟೇ ಉತ್ತರ ಹೇಳಿದಳು.

"ನೋಡು, ನಾನಿನ್ನೂ ಹಡಗು ಹತ್ತಿಲ್ಲ, ಕಲ್ಲು ಹತ್ತಿ ಬಂತು. ಪುಣ್ಯ ಮಾಡಿದ ಕಲ್ಲು ಬಿಡು" ಎಂದ ಅಣ್ಣ. ಬಂದರಿನಿಂದ ಕಾರ್ಖಾನೆಗೆ ಅದನ್ನು ಸಾಗಿಸುವ ಕೆಲಸಕ್ಕೆ ತನ್ನ ಲಾರಿಗಳನ್ನು ಹಾಕಿದ್ದೇನೆ, ಮ್ಯಾನೇಜರ್ ಒಳ್ಳೆಯ ಮನುಷ್ಯ, ಕೇಳಿದ ಕೂಡಲೇ ಒಪ್ಪಿದರು ಎಂದೂ ಹೇಳಿದ. ಹೇಳಲು ಬಂದ ಮಾತು ಬಿಸಿತುಪ್ಪವಾಯಿತು; ನುಂಗಲೂ ಆಗದು, ಉಗುಳಲೂ ಆಗದು. ಅತ್ತಿಗೆ ಬಡಿಸಿದ್ದನ್ನು ಉಂಡು, ರುಚಿ ತಿಳಿಯದೆ, ಹಾಗೆಯೇ ಹೊರಟು ಬಂದಳು. ಬೀದಿಯ ತಿರುವಿನವರೆಗೂ ಅಣ್ಣ ಜೊತೆಗೆ ಬಂದು ಬಸ್ಸು ಹತ್ತಿಸಿದ.

ಮೊದಲ ಹಡಗಿನ ಕಲ್ಲು ಕಾರ್ಖಾನೆಗೆ ಬಂದ ಬೆಳಿಗ್ಗೆ ಅಂಗಳದಲ್ಲಿ ಸಣ್ಣದೊಂದು ಸಮಾರಂಭ. ಶೆಡ್ಡಿನ ಕೆಳಗೆ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದರು. ಮಾಲೀಕರು ಬಂದಿದ್ದರು, ಗೂಡಿನವರು, ಅಚ್ಚಿನವರು, ಪ್ಯಾಕಿಂಗಿನ ಹೆಂಗಸರು, ಎಲ್ಲರೂ ಟೀ ಲೋಟ ಹಿಡಿದು ನಿಂತಿದ್ದರು. ಲಾರಿಗಳು ಸಾಲಾಗಿ ಒಳಗೆ ಬಂದವು. ಮೂರನೆಯದನ್ನು ಓಡಿಸುತ್ತಿದ್ದವನು ಅಣ್ಣನೇ. ಒಗೆದ ಅಂಗಿ ಹಾಕಿಕೊಂಡಿದ್ದ. ಇಳಿದು ಬಂದು ಜನರ ಹಿಂದೆ, ಕಂಬದ ಪಕ್ಕ ನಿಂತ. ಅವಳನ್ನು ನೋಡಿ ಹುಬ್ಬು ಹಾರಿಸಿದ.

ಮಾಲೀಕರು ಒಂದೆರಡು ಮಾತಾಡಿದರು. ಆಮೇಲೆ ಮ್ಯಾನೇಜರ್ ಮಾತಿಗೆ ನಿಂತರು. ಯಂತ್ರದವರನ್ನು ಹೊಗಳಿದರು, ಬಂದರಿನ ಏಜೆಂಟನ್ನು ಹೊಗಳಿದರು, ಕೊನೆಗೆ ಅವಳತ್ತ ತಿರುಗಿದರು.

"ಪ್ರಾಮಾಣಿಕತೆ ಅಂದ್ರೆ ಏನು ಅಂತ ನಾವೆಲ್ಲ ನಮ್ಮ ಲ್ಯಾಬ್ ಮೇಡಂ ನೋಡಿ ಕಲೀಬೇಕು. ಸ್ವಂತ ಅಣ್ಣನ ಕಲ್ಲು ಅಂತ ಒಂದು ಚೂರೂ ರಿಯಾಯ್ತಿ ತೋರಿಸಲಿಲ್ಲ. ನಾನು ಅವತ್ತು ಮೇಲಿನ ಕಿಟಕಿಯಿಂದ ನೋಡ್ತಾ ಇದ್ದೆ. ಅಷ್ಟು ದೊಡ್ಡ ರಾಶೀಲಿ ಅತ್ಯಂತ ಕೆಟ್ಟ ಜಾಗ ಯಾವುದು, ಆ ಕೆಂಪು ಮೂಲೆ, ಅಲ್ಲಿಂದಾನೇ ಚೀಲ ತುಂಬಿದ್ರು. ಯಾರೂ ಒಂದು ಮಾತಾಡೋ ಹಾಗಿಲ್ಲ!"

ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಮನಸಾರೆ ಹೊಗಳುತ್ತಿದ್ದರು. ಚಪ್ಪಾಳೆ ಬಿತ್ತು. ಪ್ಯಾಕಿಂಗಿನ ಹೆಂಗಸೊಬ್ಬಳು ಅವಳ ಬೆನ್ನು ತಟ್ಟಿದಳು. ಅವಳಿಗೆ ಕಾಲ ಕೆಳಗಿನ ನೆಲ ಬಾಯಿ ಬಿಟ್ಟರೆ ಸಾಕಿತ್ತು. ಮುಖವೆತ್ತಿ ಕಂಬದ ಕಡೆ ನೋಡುವ ಧೈರ್ಯವಾಗಲಿಲ್ಲ, ಆದರೂ ನೋಡಿದಳು. ಅಣ್ಣನೂ ಎಲ್ಲರೊಂದಿಗೆ ಚಪ್ಪಾಳೆಗೆ ಕೈ ಎತ್ತಿದ್ದವನು, ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವನಂತೆ ಹಾಗೇ ಹಿಡಿದು ನಿಂತಿದ್ದ. ಆಮೇಲೆ ಅವನ್ನು ಅಂಗಿಗೆ ಒರೆಸಿಕೊಂಡ. ಲೋಟವನ್ನು ಕಂಬದ ಬುಡದಲ್ಲಿಟ್ಟು, ಲಾರಿಗೆ ಹೋಗಿ, ತೋರಿಸಿದ ಜಾಗಕ್ಕೆ ಹಿಂದೆ ಸರಿಸಿ, ಲೋಡನ್ನು ಸುರಿದ. ಬಿಳಿ ಕಲ್ಲು ಜರ್ರನೆ ಜಾರಿ ಬಿತ್ತು. ಜನ ಮತ್ತೆ ಚಪ್ಪಾಳೆ ತಟ್ಟಿದರು.

ತೂಕದ ಕಟ್ಟೆಯ ಬಳಿ ಖಾಲಿ ಲಾರಿ ಸರದಿಗೆ ನಿಂತಿದ್ದಾಗ ಅವಳು ಓಡಿಬಂದು ಬಾಗಿಲು ಹಿಡಿದಳು. ಅಣ್ಣ ಇಂಜಿನ್ ಆರಿಸಲಿಲ್ಲ. ಎದುರಿನ ಗಾಜನ್ನೇ ನೋಡುತ್ತಾ ಕೇಳಿದ.

"ಅವರು ಹೇಳಿದ್ದು ನಿಜವಾ?"

"ನಿಜ ಅಣ್ಣ."

"ಕೆಂಪು ಮೂಲೆಯಿಂದ."

"ಹೂಂ."

"ಬೇಕಂತಲೇ?"

ಅವಳು ಹೌದೆಂದು ತಲೆಯಾಡಿಸಿದಳು. ಯಾಕೆ ಎಂದು ಅವನು ಕೇಳಿದ. ಜನ ಏನಂದುಕೊಳ್ಳುತ್ತಾರೋ ಎಂದು ಹೆದರಿದೆ ಎಂದಳು.

"ಜನ ಅಂದ್ರೆ ಅದರಲ್ಲಿ ನಾನಿಲ್ವಾ?" ಎಂದ ಅಣ್ಣ.

ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ಅಣ್ಣ ಕೈ ಹೊರಗೆ ಹಾಕಿ ಸ್ವಲ್ಪ ತಡಿ ಎಂದು ಸನ್ನೆ ಮಾಡಿದ. ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಕಲ್ಲು ಹೋದ್ರೆ ಹೋಗ್ಲಿ. ಹಡಗಿನ ಕಲ್ಲು ಚೆನ್ನಾಗಿದೆ, ನಾನೇ ಹೊತ್ತು ತಂದಿದ್ದೀನಿ, ಕಣ್ಣಲ್ಲಿ ನೋಡಿದ್ದೀನಿ. ಆದ್ರೆ ಅವತ್ತು ನಮ್ಮ ಕೆಲಸದವರು ಎದ್ದು ನಿಂತಾಗ ನಿನ್ನ ಕೈ ಮೇಲೆ ಆಣೆ ಇಟ್ಟು ಕೂರಿಸ್ದೋನು ನಾನು. ಅವರು ಕೇಳಿದ್ದು ಇನ್ನೊಂದು ಸಲ ಪರೀಕ್ಷೆ ಮಾಡ್ಸಿ ಅಂತ ಅಷ್ಟೇ. ಅದನ್ನೂ ಕೇಳಬೇಡಿ ಅಂದೆ. ಆ ಮಾತನ್ನ ನಾನು ವಾಪಸ್ ತಗೊಳ್ಳಲ್ಲ. ನೀನೇ ಬಂದು ಅವರಿಗೆ ಹೇಳು."

ಲಾರಿ ತೂಕದ ಕಟ್ಟೆ ಹತ್ತಿತು. ಅವಳು ಹೊಗೆಯಲ್ಲಿ ನಿಂತಳು.

ಅಂದೇ ಮಧ್ಯಾಹ್ನ ಅವಳು ಅಣ್ಣನ ಹಳೆಯ ರಾಶಿಯ ಬಳಿ ಹೋದಳು. ಅದರಲ್ಲಿ ಇನ್ನೂ ಅರ್ಧ ಉಳಿದಿತ್ತು; ಹೊಸ ಕಲ್ಲಿಗೆ ಜಾಗ ಬೇಕೆಂದು ಬುಲ್ಡೋಜರ್ ಒಂದು ಪಕ್ಕವನ್ನು ಆಗಲೇ ಗೋಡೆಗೆ ತಳ್ಳಿತ್ತು. ಸುತ್ತ ನಡೆದು, ಹತ್ತಾರು ಕಡೆಯಿಂದ ತೆಗೆದು, ಬೆರೆಸಿ, ಭಾಗ ಮಾಡಿ, ಹೊಸ ಬಿಲ್ಲೆ ಒತ್ತಿ ಸುಟ್ಟಳು. ಹೊರಬಂದದ್ದು ಹಡಗಿನ ಕಲ್ಲಿನಷ್ಟು ಬಿಳಿ ಅಲ್ಲ. ಹಾಲಿಗೆ ಒಂದು ಹನಿ ಟೀ ಬಿದ್ದಂಥ ಬಣ್ಣ. ಆದರೆ ಚುಕ್ಕೆ ಇರಲಿಲ್ಲ. ಚೆನ್ನಾಗಿ ಕರಗಿ, ಬಿಗಿಯಾಗಿ ಕೂತಿತ್ತು. ದೊಡ್ಡ ಬಿಳಿ ಟೈಲ್ಸಿಗೆ ಆಗದಿದ್ದರೂ ಅಂಗಳಕ್ಕೆ ಹಾಸುವ ದಪ್ಪ ಟೈಲ್ಸಿಗೆ ಧಾರಾಳ ಸಾಕು. ಅದನ್ನು ಹಿಡಿದು ಮೇಲಿನ ಮಹಡಿಗೆ ಹೋಗಿ ಮ್ಯಾನೇಜರ ಮೇಜಿನ ಮೇಲಿಟ್ಟು, ಮೊದಲು ತೋರಿಸಿದ್ದು ಸರಿಯಾದ ಮಾದರಿಯಲ್ಲ, ತಪ್ಪು ನನ್ನದು ಎಂದಳು.

ಮ್ಯಾನೇಜರ್ ಬಿಲ್ಲೆಯನ್ನು ನೋಡಿ, ಕುರ್ಚಿ ತೋರಿಸಿ, ಅವಳು ಕುಳಿತ ಮೇಲೆ ಮಾತಾಡಿದರು. ಅಳುವವರನ್ನು ಸಮಾಧಾನ ಮಾಡುವ ದನಿ.

"ಮೇಡಂ, ಇದನ್ನ ಇಷ್ಟು ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ಪರೀಕ್ಷೆಗೆ ಮೊದಲೇ ಹಡಗು ಗೊತ್ತು ಮಾಡಾಗಿತ್ತು. ಏನೇ ಬಂದಿದ್ರೂ ಆ ಕಲ್ಲೇ ಬರ್ತಿತ್ತು."

ಹಾಗಿದ್ದರೆ ಪರೀಕ್ಷೆ ಯಾಕೆ ಮಾಡಿಸಿದಿರಿ ಎಂದು ಅವಳು ಕೇಳಿದಳು.

"ನಿಮ್ಮಣ್ಣ ಸುಮ್ನೆ ಒಪ್ಕೋಬೇಕಿತ್ತಲ್ಲ? ನಾನು ಹೇಳಿದ್ರೆ ಜಗಳ ಆಗ್ತಿತ್ತು. ನೀವು ಹೇಳಿದ್ರೆ ಆಗಲ್ಲ ಅಂತ ಗೊತ್ತಿತ್ತು."

ಅವರು ನೀರಿನ ಲೋಟವನ್ನು ಅವಳತ್ತ ಸರಿಸಿದರು. ತಾನು ಮಾಡಿದ ಅನ್ಯಾಯ ಯಾರಿಗೂ ಬೇಕಾಗಿರಲಿಲ್ಲ ಎಂದು ಅವಳಿಗೆ ಹೊಳೆಯಿತು. ಬೇಕಾಗಿದ್ದದ್ದು ತನ್ನ ಹೆಸರು ಮಾತ್ರ. ಅಣ್ಣ ಇಷ್ಟು ವರ್ಷ ನಂಬಿ ನಂಬಿ ಬೆಳೆಸಿದ ಹೆಸರು. ಅದನ್ನು ಇವರು ಕಂಡುಹಿಡಿದು ಬಳಸಿದ್ದರು, ಅವರು ಕೇಳುವ ಮೊದಲೇ ಅವಳೇ ಎತ್ತಿ ಕೊಟ್ಟಿದ್ದಳು. ಅವರ ಮೇಲೆ ಸಿಟ್ಟು ಬರಲಿ ಎಂದು ಅವಳು ಕಾದಳು. ಬಂದದ್ದು ನಾಚಿಕೆಯೇ. ಆ ನೀರನ್ನು ಕುಡಿಯದೆ ಎದ್ದಳು.

ಮರುದಿನ ರಜೆ ಹಾಕಿ ಗಣಿಗೆ ಹೋದಳು. ಜೊತೆಗೆ ಬರಲೇ ಎಂದು ಗಂಡ ಕೇಳಿದ್ದ. ಹಿಂದಿನ ಸಂಜೆ ಅವನಿಗೆ ಎಲ್ಲವನ್ನೂ ಹೇಳಿದ್ದಳು. ಬೇಡ ಎಂದಳು. ಗಣಿಯಲ್ಲಿ ಕೆಲಸವಿಲ್ಲದಿದ್ದರೂ ಜನರಿದ್ದರು. ತಾನು ಬರುವುದನ್ನು ಅವಳು ತಿಳಿಸಿದ್ದಳು, ಅಣ್ಣ ಅವರನ್ನು ಕರೆಸಿದ್ದ. ಹಲವರು ಆಗಲೇ ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದರಿಂದ ಗುಂಪು ಚಿಕ್ಕದಿತ್ತು. ಕಲ್ಲು ಒಡೆಯುವವರು, ಇಬ್ಬರು ಡ್ರೈವರುಗಳು, ಒಡೆದ ಕಲ್ಲಿನಿಂದ ಕೆಂಪು ಚೂರು ಆರಿಸಿ ಬಿಸಾಡುವ ಹೆಂಗಸರು. ಆರಿಸುವವರಲ್ಲಿ ಒಬ್ಬಳು ಅಜ್ಜಿ, ಅಪ್ಪ ಗಣಿ ನಡೆಸುತ್ತಿದ್ದ ಕಾಲದಿಂದಲೂ ಇದ್ದವಳು. ಅಣ್ಣ ದೂರದಲ್ಲಿ ಬಂಡೆಯ ಮೇಲೆ ಕುಳಿತಿದ್ದ, ಹತ್ತಿರ ಬರಲಿಲ್ಲ. ಅತ್ತಿಗೆ ಅವನ ಪಕ್ಕ ನಿಂತಿದ್ದಳು, ಮುಖ ಆ ಕಡೆಗೆ.

ಅವಳು ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ನೆರವಿಗೆ ಬರಲಿಲ್ಲ. ನಿಮ್ಮ ಕಲ್ಲು ಕೆಟ್ಟದ್ದಾಗಿರಲಿಲ್ಲ, ನಾನು ಕೆಟ್ಟ ಜಾಗ ನೋಡಿ ತೆಗೆದೆ, ನನಗೆ ಕೆಟ್ಟ ಹೆಸರು ಬರುತ್ತದೆ ಎಂದು ಹೆದರಿ ತೆಗೆದೆ, ನನ್ನಣ್ಣನಿಗೆ ಇದು ಗೊತ್ತಿರಲಿಲ್ಲ, ಅವನು ನಿಮಗೆ ಸುಳ್ಳು ಹೇಳಲಿಲ್ಲ, ಸುಳ್ಳು ನನ್ನದು ಎಂದಳು. ಇಷ್ಟು ಹೇಳುವುದರೊಳಗೆ ಬೆನ್ನೆಲ್ಲ ಬೆವೆತಿತ್ತು.

ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಯಾರೂ ಬೈಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಓದಿದ ಹೆಂಗಸು ಹೀಗೆ ನಿಂತು ಹೇಳುವುದನ್ನು ನೋಡಿ ಅವರಿಗೇ ಮುಜುಗರವಾಗಿತ್ತು. ಒಬ್ಬ ಮರದ ಪೆಟ್ಟಿಗೆ ತಂದು ಟವೆಲಿನಿಂದ ಒರೆಸಿ, ಕೂತ್ಕೊಳ್ಳಿ ಅಕ್ಕ ಎಂದ. ಮತ್ತೊಬ್ಬ, ತನ್ನ ಮಗಳೂ ಕಾಲೇಜು ಮುಗಿಸಿದ್ದಾಳೆ, ನಿಮ್ಮ ಲ್ಯಾಬಿನಲ್ಲಿ ಏನಾದರೂ ಕೆಲಸವಿದ್ದರೆ ನೋಡಿ ಎಂದು ಕೇಳಿದ. ಅವಳು ಆ ಪೆಟ್ಟಿಗೆಯ ಮೇಲೆ ಕುಳಿತಳು. ಅಲ್ಲಿ ಕುಳಿತಾಗ ಆದಷ್ಟು ನಾಚಿಕೆ ಅವಳಿಗೆ ಆ ಚಪ್ಪಾಳೆಯ ನಡುವೆಯೂ ಆಗಿರಲಿಲ್ಲ.

ಕಲ್ಲು ಆರಿಸುವ ಅಜ್ಜಿ ಮಾತ್ರ ಆ ಮಾತೆತ್ತಿದಳು. "ಕೆಂಪು ಚೂರು ಒಂದೊಂದೇ ಆರ್ಸಿ ಹಾಕಿ ನನ್ನ ಉಗುರು ಸವೆದು ಹೋಯ್ತಲ್ಲ ತಾಯಿ. ನೀನು ಅದನ್ನೇ ಆರ್ಸಿ ಆರ್ಸಿ ಚೀಲಕ್ಕೆ ತುಂಬಿದೆಯಾ?" ಎಂದಳು. ಸಿಟ್ಟಿನಿಂದಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದಳು. ಅವಳು ಪೆಟ್ಟಿಗೆಯಿಂದ ಎದ್ದು, ಹೌದು ಅಜ್ಜಿ ಎಂದಳು.

ಅಂದು ಅವಳನ್ನು ಬಸ್ಸಿಗೆ ಬಿಡಲು ಅಣ್ಣ ಬರಲಿಲ್ಲ. ಅತ್ತಿಗೆ ಗೇಟಿನವರೆಗೆ ಬಂದಳು. ಅವನಿಗೆ ಸ್ವಲ್ಪ ದಿನ ಬೇಕು, ನನಗೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಬೇಕಾಗಬಹುದು ಎಂದಳು. ಮುಚ್ಚುಮರೆಯಿಲ್ಲದ ಮಾತು. ಅವಳು ಅದನ್ನು ತಲೆತಗ್ಗಿಸಿ ಒಪ್ಪಿಕೊಂಡಳು.

ಕಾರ್ಖಾನೆಯಲ್ಲಿ ಅವಳು ಸುಮ್ಮನಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು, ಎಲ್ಲರೆದುರು ಎರಡನೆಯ ಬಿಲ್ಲೆಯನ್ನು ಮುಂದಿಟ್ಟು ನಡೆದದ್ದನ್ನು ಹೇಳಿದಳು. ಕೆಲವರು ನಕ್ಕರು. ಆ ಹಳೆಯ ಪ್ರಾಸದ ಮಾತು ಮತ್ತೆ ಹುಟ್ಟಿಕೊಂಡಿತು, ಈ ಸಲ ಇನ್ನೂ ಜೋರಾಗಿ; ಅಣ್ಣನಿಗಾಗಿ ಈಗ ನಾಟಕ ಕಟ್ಟುತ್ತಿದ್ದಾಳೆ ಎಂದವರೂ ಇದ್ದರು. ಮಾದರಿ ತೆಗೆಯುವ ಕೆಲಸವನ್ನು ಮ್ಯಾನೇಜರ್ ಅವಳ ಕೈಯಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟರು, ಅದೂ ಬಹಳ ವಿನಯದಿಂದ. ಅವಳು ಮತ್ತೆ ಕ್ಯಾಂಟೀನಿಗೆ ಹೋಗಿ ಎಲ್ಲರ ನಡುವೆ ಕುಳಿತು ಊಟ ಮಾಡತೊಡಗಿದಳು. ಮಾತಾಡುವವರು ಎದುರಿಗೇ ಆಡಲಿ ಎಂದು.

ಅಂಗಳದ ಟೈಲ್ಸಿಗೂ ಕಾರ್ಖಾನೆ ಅಣ್ಣನ ಕಲ್ಲನ್ನು ತೆಗೆದುಕೊಳ್ಳಲಿಲ್ಲ. ಆದರೆ ಮಳೆಗಾಲ ಕಳೆದ ಮೇಲೆ, ವಿದ್ಯುತ್ ಕಂಬದಲ್ಲಿ ತಂತಿ ಕೂರಿಸುವ ಪಿಂಗಾಣಿ ಬಟ್ಟಲು ಮಾಡುವ ಸಣ್ಣ ಕಾರ್ಖಾನೆಯೊಂದು ಒಪ್ಪಿಕೊಂಡಿತು. ಅವರ ಬಟ್ಟಲಿಗೆ ಹೇಗೂ ಕಂದು ಬಣ್ಣದ ಹೊಳಪು ಹಚ್ಚುತ್ತಾರೆ, ಒಳಗಿನ ಬಿಳುಪು ಯಾರಿಗೂ ಬೇಕಿಲ್ಲ. ಗಣಿಯಲ್ಲಿ ಅರ್ಧದಷ್ಟು ಕೆಲಸ ಮತ್ತೆ ಶುರುವಾಯಿತು. ಅಜ್ಜಿ ಬಂದಳು. ದೂರ ಹೋದವರಲ್ಲಿ ಕೆಲವರು ಬರಲಿಲ್ಲ. ಅಣ್ಣ ಒಂದು ಲಾರಿಯನ್ನು ಗಣಿಗೆ ಇಟ್ಟುಕೊಂಡು, ಇನ್ನೊಂದರಲ್ಲಿ ಹಡಗಿನ ಕಲ್ಲನ್ನೇ ಸಾಗಿಸುತ್ತಿದ್ದ. ಕಾರ್ಖಾನೆಗೆ ಬಂದಾಗ ಅವಳನ್ನು ಕಂಡರೆ ಊಟ ಆಯಿತೇ ಎಂದು ಕೇಳುತ್ತಿದ್ದ. ನಿಂತು ಮಾತಾಡುತ್ತಿರಲಿಲ್ಲ.

ಒಂದು ಭಾನುವಾರ ಅವನೇ ಫೋನ್ ಮಾಡಿದ. ಗಣಿಯ ಕೆಳಗಿನ ಮಟ್ಟದಲ್ಲಿ ಹೊಸ ಪದರ ಸಿಕ್ಕಿದೆ, ಬಟ್ಟಲಿನವರಿಗೆ ತೋರಿಸುವ ಮೊದಲು ನಿನ್ನ ಲ್ಯಾಬಿನಲ್ಲಿ ಸರಿಯಾಗಿ ಪರೀಕ್ಷೆ ಆಗಬೇಕು ಎಂದ. ಅವಳು ಹೋದಳು. ಹೊಸ ಕಲ್ಲಿನ ರಾಶಿ ಬಿಸಿಲಲ್ಲಿ ಬಿದ್ದಿತ್ತು. ಪಕ್ಕದಲ್ಲಿ ಸಲಿಕೆಯೂ ಚೀಲವೂ ಸಿದ್ಧವಿದ್ದವು.

"ನಾನು ಬೇಡ ಅಣ್ಣ. ನೀನೇ ತೆಗೆದುಕೊಡು, ಸುಡೋದಷ್ಟೇ ನಾನು ಮಾಡ್ತೀನಿ" ಎಂದಳು.

"ನೀನೇ ತೆಗಿ" ಎಂದ ಅಣ್ಣ. "ನಾನು ಪಕ್ಕದಲ್ಲಿ ನಿಂತ್ಕೊಂಡು ನೋಡ್ತೀನಿ."

ಅವಳು ಸಲಿಕೆ ಎತ್ತಿಕೊಂಡಳು. ರಾಶಿಯ ಸುತ್ತ ನಡೆದು ಮೇಲಿನಿಂದ, ನಡುವಿನಿಂದ, ಬುಡದಿಂದ ತೆಗೆದಳು. ಅವನು ಒಂದು ಹೆಜ್ಜೆ ಹಿಂದೆ, ಕೈ ಕಟ್ಟಿಕೊಂಡು, ಪ್ರತಿ ಸಲಿಕೆಯನ್ನೂ ನೋಡುತ್ತಾ ಬಂದ. ಹಿಂದೆಂದೂ ಅವನು ಹಾಗೆ ನೋಡಿದವನಲ್ಲ. ಮುಗಿದ ಮೇಲೆ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು, ಬಾಯಿ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದ. ಅದನ್ನು ಲಾರಿಯ ಸೀಟಿನ ಮೇಲಿಟ್ಟು ತಾನು ಇನ್ನೊಂದು ಕಡೆಯಿಂದ ಹತ್ತಿದ. ಅವಳೂ ಹತ್ತಿ, ಚೀಲವನ್ನು ಇಬ್ಬರ ನಡುವೆ ಬಿಟ್ಟು, ಬಾಗಿಲಿಗೆ ಒತ್ತಿಕೊಂಡು ಕುಳಿತಳು. ಅಣ್ಣ ಗೇರ್ ಹಾಕಿದ. ಕಾರ್ಖಾನೆಯ ರಸ್ತೆ ಕೆಟ್ಟಿದೆ, ಗಟ್ಟಿಯಾಗಿ ಹಿಡ್ಕೋ ಎಂದ.